ಖಾಲಿ ಚೌಕ

ಇಂಚರಾ ಉತ್ತರ ಹೇಳಿ ಕೂರುವ ಮೊದಲೇ ಗೋಡೆಯ ಮೇಲಿನ ಅಂಕಹಾಳೆಯಲ್ಲಿ ಅವಳ ಸಾಲು ಮಿನುಗಿತು. ಹಿಂದೆ ಮೇಷ್ಟ್ರುಗಳು ಕಂಪ್ಯೂಟರಿನಲ್ಲಿ ಒಂದು ಬದಿಗೆ ಮಕ್ಕಳ ಹೆಸರು, ಮೇಲುಗಡೆ ವಿಷಯಗಳ ಹೆಸರು ಬರೆದು ಅಂಕ ತುಂಬುತ್ತಿದ್ದರಲ್ಲ, ಆ ಸ್ಪ್ರೆಡ್‌ಶೀಟಿನ ಮೊಮ್ಮಗಳು ಇದು. ಇದಕ್ಕೆ ಯಾರೂ ಏನೂ ತುಂಬಬೇಕಿಲ್ಲ. ವರ್ಷವಿಡೀ ತರಗತಿಯ ಮಾತು ಕೇಳಿಸಿಕೊಂಡು, ಪರೀಕ್ಷೆ ಬರೆದಿದ್ದರೆ ಮಗುವಿಗೆ ಎಷ್ಟು ಬರುತ್ತಿತ್ತೆಂದು ತಾನೇ ಲೆಕ್ಕ ಹಾಕುತ್ತದೆ. ಆಮೇಲೆ ಹಿಂದೆ ಪರೀಕ್ಷೆ ಬರೆದು ಅಷ್ಟೇ ಅಂಕ ಪಡೆದಿದ್ದ ಹಳೆಯ ಮಕ್ಕಳನ್ನು ತನ್ನ ದಾಖಲೆಯಲ್ಲಿ ಹುಡುಕಿ, ತಾಳೆಯಾದರೆ ಮಾತ್ರ ಅಂಕವನ್ನು ಖಾಯಂ ಮಾಡುತ್ತದೆ. ಇದು ಬಂದಮೇಲೆ ಪರೀಕ್ಷೆಗಳೇ ನಿಂತುಹೋಗಿದ್ದವು. ಮಕ್ಕಳಿಗಿಂತ ಮೇಷ್ಟ್ರುಗಳೇ ಹೆಚ್ಚು ಖುಷಿಪಟ್ಟಿದ್ದರು.

2061ರ ಆ ಮಾರ್ಚಿನಲ್ಲಿ ಒಂಬತ್ತನೆಯ ತರಗತಿಯ ಎಲ್ಲರ ಗಣಿತದ ಚೌಕವೂ ತುಂಬಿತ್ತು, ಇಂಚರಾಳದು ಮಾತ್ರ ಇಲ್ಲ. ಸೊನ್ನೆಯೂ ಅಲ್ಲ, ಖಾಲಿ. ಮರುದಿನ ಸಂಜೆಯೊಳಗೆ ಅದು ತುಂಬದಿದ್ದರೆ ಅವಳು ಹತ್ತಕ್ಕೆ ಹೋಗುವಂತಿರಲಿಲ್ಲ. ಗಣಿತದ ಶಾಂತವೀರ ಹೊಸೂರ ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಹಾಳೆಯನ್ನು ಆರಿಸಿ ಮತ್ತೆ ಹಚ್ಚಿದರು. ಹುಡುಗಿಯನ್ನು ಎಬ್ಬಿಸಿ ಎಬ್ಬಿಸಿ ಪ್ರಮೇಯ ಕೇಳಿದರು. ಅವಳು ಅರ್ಧ ಸರಿ ಹೇಳಿದಳು, ಉಳಿದರ್ಧ ಹೆದರಿ ನುಂಗಿಕೊಂಡಳು. ಚೌಕ ಮಿನುಗುವುದು, ಮತ್ತೆ ಖಾಲಿಯಾಗುವುದು.

"ಸರ್, ನಾ ಪಾಸೋ ಫೇಲೋ?" ಎಂದು ಅವಳು ಕೇಳಿದಾಗ ಹೊಸೂರರು ಮತ್ತೊಮ್ಮೆ ಆ ಖಾಲಿ ಚೌಕದ ಕಡೆ ನೋಡಿದರು. ತಮ್ಮ ತರಗತಿಯ ಮಗುವಿಗೆ ಅಷ್ಟೂ ಹೇಳಲಾರದ್ದಕ್ಕೆ ಅವರಿಗೆ ನಾಚಿಕೆಯಾಯಿತು.

ಹಾಳೆಯನ್ನು ರೂಪಿಸಿದ ವಿಜ್ಞಾನಿ ರೇವತಿ ಕುಲಗೋಡ ಮರುದಿನ ಧಾರವಾಡದಿಂದ ತಾವೇ ಬಂದರು. ಯಂತ್ರದ ಒಳಗನ್ನು ಜಾಲಾಡಿದ ಮೇಲೆ ಅವರ ಗೊಂದಲ ಮೇಷ್ಟ್ರ ಗೊಂದಲಕ್ಕಿಂತ ದೊಡ್ಡದಾಯಿತು. ಹಾಳೆ ಇಂಚರಾಳಿಗೆ ಮೂವತ್ಮೂರು ಎಂದು ಲೆಕ್ಕ ಹಾಕಿತ್ತು. ತಾಳೆ ನೋಡಲು ಹೋದರೆ, ಅದರೊಳಗಿನ ಲಕ್ಷಾಂತರ ಹಳೆಯ ಮಕ್ಕಳಲ್ಲಿ ಮೂವತ್ಮೂರು ಪಡೆದವರು ಒಬ್ಬರೂ ಇಲ್ಲ. ಮೂವತ್ನಾಲ್ಕು ಪಡೆದವರೂ ಇಲ್ಲ. ಪಾಸಿನ ಅಂಕವಾದ ಮೂವತ್ತೈದರಲ್ಲಿ ಮಾತ್ರ ಕಾಲಿಡಲು ಜಾಗವಿಲ್ಲ.

"ಈ ಎರಡು ನಂಬರ್ ಎಲ್ಲಿ ಹೋದ್ವು ಸರ್?"

ಹೊಸೂರರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮೂವತ್ಮೂರು ಬಂದ್ರ ಹಂಗ ಯಾರು ಬಿಡ್ತಾರ್ರೀ ಮೇಡಂ? ಪೇಪರ್ ಮತ್ತ ಮೊದ್ಲಿಂದ ನೋಡಿ, ಎಲ್ಲೆರ ಎರಡು ಮಾರ್ಕ್ಸ್ ಹುಡುಕಿ ಕೊಡ್ತಿದ್ವಿ. ಅದ್ರಾಗ ಏನೈತ್ರಿ?"

ರೇವತಿ ಮತ್ತೆ ಯಂತ್ರದ ಕಡೆ ತಿರುಗಿದರು. ಹಾಗಾದರೆ ಎರಡು ಕೂಡಿಸುವುದನ್ನು ಯಂತ್ರಕ್ಕೂ ಕಲಿಸಿಬಿಡುತ್ತೇನೆ, ಒಂದೇ ಸಾಲಿನ ಕೆಲಸ ಎಂದರು. ಹೊಸೂರರಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಯಾಕೆಂದು ಅವರಿಗೇ ತಿಳಿಯಲಿಲ್ಲ.

"ಕೂಡಸೂದಲ್ರಿ," ಎಂದರು ತಡವರಿಸುತ್ತ. "ಹುಡುಕೂದು."

ಆದರೆ ಹುಡುಕಲು ಪೇಪರೇ ಇರಲಿಲ್ಲ. ಕೊನೆಗೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಹರಿದು, ಹಿಂಬದಿಯಲ್ಲಿ ಇಂಚರಾಳಿಂದ ಪರೀಕ್ಷೆ ಬರೆಸಿದರು. ಪೆನ್ನು ಹಿಡಿದು ರೂಢಿಯಿಲ್ಲದ ಹುಡುಗಿ ಬೆವರುತ್ತ ಬರೆದಳು. ಹೊಸೂರರು ತಿದ್ದಿ ಕೂಡಿಸಿದರು. ಮೂವತ್ಮೂರು. ಯಂತ್ರ ತಪ್ಪಿರಲಿಲ್ಲ.

ಅವರು ಮೊದಲ ಪುಟಕ್ಕೆ ಮರಳಿದರು. ತ್ರಿಭುಜದ ಕೆಳಗೆ ಒಂದು ಸಾಲನ್ನು ಅವಳು ಬರೆದು ಹೊಡೆದುಹಾಕಿದ್ದಳು. ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಸಾಲು ಸರಿಯಾಗಿತ್ತು. ಗೊತ್ತಿದ್ದೂ ತನ್ನ ಮೇಲೆ ನಂಬಿಕೆಯಿಲ್ಲದೆ ಹೊಡೆದಿದ್ದಳು.

"ಇದನ್ನ ಯಾವ ಕಾಲಮ್ಮಿನಾಗ ಹಾಕ್ಲಿ ಮೇಡಂ?"

ರೇವತಿ ಹಾಳೆಯ ಕಾಲಮ್ಮುಗಳನ್ನು ಒಂದೊಂದಾಗಿ ನೋಡಿದರು; ಅಂಥದ್ದೊಂದು ಇರಲಿಲ್ಲ. ಹೊಸೂರರು ಆ ಸಾಲಿಗೆ ಎರಡು ಅಂಕ ಕೊಟ್ಟು, ಮೂವತ್ತೈದು ಎಂದು ಕೈಯಿಂದಲೇ ತುಂಬಿದರು. ಹಾಳೆ ತಕ್ಷಣ ಒಪ್ಪಿಕೊಂಡಿತು.

ಆ ಹಾಳೆ ಇನ್ನೂ ಹುಟ್ಟಿಲ್ಲ. ಹುಟ್ಟಿದರೆ ಅದು ಕಲಿಯುವುದು ನಮ್ಮ ಈಗಿನ ಅಂಕಗಳಿಂದಲೇ. ಈ ಹೊತ್ತೂ ಯಾವುದೋ ಸ್ಟಾಫ್ ರೂಮಿನಲ್ಲಿ ಒಂದು ಕೆಂಪು ಪೆನ್ನು ಮೂವತ್ಮೂರರ ಬಳಿ ನಿಂತು, ಮೊದಲ ಪುಟಕ್ಕೆ ಮರಳುತ್ತಿರಬಹುದು. ಕಂಪ್ಯೂಟರಿಗೆ ಹೋಗುವುದು ಮೂವತ್ತೈದು ಮಾತ್ರ. ಮರಳಿ ನೋಡಿದ್ದನ್ನು ಯಾರೂ ತುಂಬುವುದಿಲ್ಲ.