ಹಡಗಿನ ಸಂಗೀತ, ಅರ್ಧ ರೊಟ್ಟಿ

ದೆವ್ವ ಗಿವ್ವ ನಂಬುವವಳಲ್ಲ ನಾನು. ಅಮೆರಿಕದ ಲೂಯಿಸ್‌ವಿಲ್ಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೂತು ವಿಡಿಯೊ ಗೇಮುಗಳಿಗೆ ಸಂಗೀತ ಮಾಡುತ್ತೇನೆ. 2016ರ ಆಗಸ್ಟಿನ ಒಂದು ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಹಳೇ ಕಾಲದ ಪ್ರಯಾಣಿಕರ ಹಡಗಿನ ಗೇಮೊಂದಕ್ಕೆ ಪಿಯಾನೊ, ಪಿಟೀಲು, ತಳದಲ್ಲಿ ಎಂಜಿನ್ನಿನ ಗುಡುಗುಡು ಸೇರಿಸಿದ್ದೆ. ನನ್ನ ಮಾವ, ಡಾಕ್ಟರ್ ಮಹಾಂತಪ್ಪನವರು, ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಅತ್ತೆ ತೀರಿಕೊಂಡಾಗಿನಿಂದ ಅವರಿಗೆ ಊಟವೇ ಸೇರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಇಬ್ಬರೂ ಮುಂಬಯಿಯಿಂದ ಲಂಡನ್ನಿಗೆ ಹಡಗಿನಲ್ಲೇ ಹೋದವರು.

ಸಂಗೀತ ಹಚ್ಚಿದೆ. ಹೊರಗೆ ಸುಡುಬಿಸಿಲು, ಒಳಗೆ ಗಾಳಿ ಒದ್ದೆಯಾಯಿತು. ತುಟಿ ಉಪ್ಪುಪ್ಪಾಯಿತು. ಮಾವನ ತಟ್ಟೆಯಲ್ಲಿದ್ದ ಕಡಕ್ ರೊಟ್ಟಿ ಮುಟ್ಟಿದರೆ ಮೆತ್ತಗಾಗಿತ್ತು.

“ಹಡಗಿನ್ಯಾಗೂ ಹಿಂಗ ಆಗ್ತಿತ್ತವಾ,” ಎಂದರು ಮಾವ. “ನಿಮ್ಮತ್ತಿ ಡೆಕ್ ಮ್ಯಾಲೆ ಬಿಸಿಲಿಗಿಟ್ಟು ಮತ್ತ ಕಡಕ್ ಮಾಡ್ತಿದ್ಳು. ಅರ್ಧ ಅಕಿಗೆ, ಅರ್ಧ ನನಗ.”

ತಾವೇ ಎದ್ದು ಆ ರೊಟ್ಟಿಯನ್ನು ಬಾಲ್ಕನಿಯಲ್ಲಿಟ್ಟು, ಗಾಜಿನ ಬಾಗಿಲು ಎಳೆದು, ಪರದೆ ಇಳಿಸಿ ಬಂದರು. ಸಂಗೀತ ಮುಗಿಯುವ ಹೊತ್ತಿಗೆ ಹೊರಗೆ ‘ಕಟ್’ ಎಂದು ಸದ್ದಾಯಿತು.

ಬಾಗಿಲು ತೆರೆದೆ. ಮೂರನೇ ಮಹಡಿ. ಅರ್ಧ ರೊಟ್ಟಿಯಷ್ಟೇ ಇತ್ತು, ಗರಿಗರಿಯಾಗಿ. ಸುತ್ತ ಒಂದು ಚೂರೂ ಬಿದ್ದಿರಲಿಲ್ಲ.

ಮಾವ ಅದನ್ನು ತಟ್ಟೆಗೆ ಹಾಕಿಕೊಂಡು ಬಂದು ಕೂತರು. ಆಮೇಲೆ, “ಶೇಂಗಾ ಹಿಂಡಿ ಐತೇನವಾ?” ಎಂದು ಕೇಳಿ, ಆ ಚಟ್ನಿಪುಡಿ ಹಾಕಿಸಿಕೊಂಡು, ಪೂರ್ತಿ ತಿಂದು, ಇನ್ನೊಂದು ರೊಟ್ಟಿ ಕೇಳಿದರು.

ಆ ಸಂಗೀತ ಹಚ್ಚಿದ ದಿನ ಈಗಲೂ ನಮ್ಮ ಮನೆಯಲ್ಲಿ ಅರ್ಧ ರೊಟ್ಟಿ ಕಡಿಮೆ ಬೀಳುತ್ತದೆ.