ಚಿಕ್ಕಮ್ಮನಿಗೆ ಹಳದಿ ಕಾರ್ಡು

"ಕಣ್ಣು ಮನೇಲೇ ಬಿಟ್ಟು ಬಂದಿದ್ದೀರಾ ಸಾರ್?"

ಅಂಥಿಂಥ ಗಂಟಲಲ್ಲ ಅದು. ಮೈದಾನದ ಆ ತುದಿಯಲ್ಲಿ ಕೂತಿದ್ದ ಕಾಗೆಗಳೂ ಎದ್ದು ಹಾರಿದವು. ಓಡುತ್ತಿದ್ದ ರೆಫ್ರಿ ನಿಂತ. ಏನೂ ಅವಸರವಿಲ್ಲದವನಂತೆ ಗೆರೆಯ ತನಕ ನಡೆದು ಬಂದು, ಜೇಬಿನಿಂದ ಹಳದಿ ಕಾರ್ಡು ತೆಗೆದು ಅವಳೆದುರು ಎತ್ತಿ ಹಿಡಿದ.

"ಎರಡೂ ತಂದಿದ್ದೀನಿ ಮೇಡಂ," ಎಂದ ಮೆಲ್ಲಗೆ. "ಒಂದು ಆಟದ ಮೇಲಿದೆ, ಇನ್ನೊಂದು ನಿಮ್ಮ ಮೇಲೆ."

ಬೆಂಚಿನ ಮೇಲಿದ್ದ ಹುಡುಗಿಯರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಅವಳು ಮಹಿಳಾ ಕಾಲೇಜಿನ ಫುಟ್‌ಬಾಲ್ ತಂಡದ ಅಸಿಸ್ಟೆಂಟ್ ಕೋಚ್. ಹುಡುಗಿಯರ ಬಾಯಲ್ಲಿ ಮುಖ್ಯ ಕೋಚ್ ದೊಡ್ಡಮ್ಮ, ಇವಳು ಚಿಕ್ಕಮ್ಮ. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಹೇಳಿದ ಒಂದು ಮಾತನ್ನು ಹುಡುಗಿಯರ ಕಾಲಿಗೆ ಇಳಿಸುವುದು ಚಿಕ್ಕಮ್ಮನ ಪಾಲು. ಇಬ್ಬನಿ ಆರುವ ಮೊದಲೇ ಕೋನ್ ಜೋಡಿಸಬೇಕು, ಚೆಂಡುಗಳಿಗೆ ಗಾಳಿ ತುಂಬಬೇಕು, ಕಾರ್ನರ್ ಕಿಕ್ ಬಂದಾಗ ಯಾರು ಎಲ್ಲಿಗೆ ನುಗ್ಗಬೇಕೆಂದು ಹೇಳಿ ಹೇಳಿ ಸುಸ್ತಾಗಬೇಕು. ಆ ಕೆಲಸದಲ್ಲಿ ಅವಳದು ಎತ್ತಿದ ಕೈ. ಅದು ಅವಳಿಗೂ ಗೊತ್ತಿತ್ತು, ಸುಮ್ಮನೆ ಸಂಕೋಚಪಡುವ ಜಾತಿಯೇ ಅಲ್ಲ.

ಆದರೆ ಆ ಬಾಯಿ! ಅದೊಂದು ಸುಮ್ಮನಿದ್ದಿದ್ದರೆ ಯಾವತ್ತೋ ದೊಡ್ಡಮ್ಮ ಆಗಿರುತ್ತಿದ್ದಳು.

ಮರುದಿನ ಪ್ರಿನ್ಸಿಪಾಲರು ಕರೆಸಿ ಕನ್ನಡಕ ಒರೆಸುತ್ತ ಹೇಳಿದರು, "ನೋಡಮ್ಮಾ, ಈ ಸೀಸನ್ ಮುಗಿದ್ಮೇಲೆ ದೊಡ್ಡ ಕೋಚ್ ರಿಟೈರ್ ಆಗ್ತಾರೆ. ಆ ಜಾಗ ನಿಂದೇ. ಆದ್ರೆ ಬಾಯಿಗೊಂದು ಬೀಗ ಹಾಕ್ಕೋ. ಇನ್ಮೇಲೆ ಒಬ್ಬ ರೆಫ್ರಿ ದೂರು ಕೊಟ್ರೂ ಸಾಕು, ನಾನು ಹೊರಗಿನವರನ್ನ ತರ್ತೀನಿ."

ಬೀಗ ಹಾಕಿಕೊಂಡಳು, ಆ ಹಳದಿ ಕಾರ್ಡಿನ ರೆಫ್ರಿ ಒಬ್ಬನ ವಿಷಯದಲ್ಲಿ ಬಿಟ್ಟು. ಅವನು ಗೆರೆಯ ಹತ್ತಿರ ಬಂದಾಗಲೆಲ್ಲ ಮೆಲುದನಿಯಲ್ಲಿ ಒಂದು ಚಟಾಕಿ ಹಾರಿಸದೆ ಇರಲಾಗುತ್ತಿರಲಿಲ್ಲ.

"ಲೇಸು ಬಿಚ್ಚಿದೆ ಸಾರ್."

"ಗೊತ್ತು. ನಿಮ್ಮೆದುರಿಗೆ ತಲೆ ಬಗ್ಗಿಸ್ಬಾರ್ದು ಅಂತ ಹಾಗೇ ಬಿಟ್ಟಿದ್ದೀನಿ."

ಸೀಟಿ ತುಟಿಯಿಂದ ಜಾರದ ಹಾಗೆ ಒಂದೇ ಕೆನ್ನೆಯಲ್ಲಿ ನಗುತ್ತಿದ್ದ. ಆ ಅರ್ಧ ನಗುವನ್ನು ನೋಡುವುದಕ್ಕೆಂದೇ ಅವಳು ಪಂದ್ಯದ ದಿನ ಕನ್ನಡಿ ಮುಂದೆ ಸ್ವಲ್ಪ ಹೊತ್ತು ಹೆಚ್ಚು ನಿಲ್ಲತೊಡಗಿದ್ದಳು. ಹೌದು, ಅವನು ಅವಳಿಗೆ ಇಷ್ಟವಾಗಿದ್ದ. ತನ್ನೊಳಗೆ ಒಪ್ಪಿಕೊಳ್ಳುವುದಕ್ಕೆ ಅವಳಿಗೆ ಯಾವ ನಾಚಿಕೆಯೂ ಇರಲಿಲ್ಲ.

ಇದ್ದಕ್ಕಿದ್ದಂತೆ ಅವನು ಬರುವುದು ನಿಂತಿತು. ಕ್ವಾರ್ಟರ್ ಫೈನಲ್‌ಗೆ ಬೇರೆ ರೆಫ್ರಿ, ಸೆಮಿಫೈನಲ್‌ಗೂ ಬೇರೆಯವನೇ. ತಡೆಯಲಾರದೆ ಫುಟ್‌ಬಾಲ್ ಸಂಘದ ಆಫೀಸಿಗೆ ಹೋಗಿ ಗುಮಾಸ್ತನನ್ನು ಕೇಳಿದಳು.

"ಅವರಾ? ನಿಮ್ಮ ಟೀಮಿನ ಮ್ಯಾಚೇ ಬೇಡ ಅಂದ್ಬಿಟ್ರು," ಎಂದ ಗುಮಾಸ್ತ, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ. "ಕಾರಣ ನೀವೇ ಅಂತೆ."

ಅಂದರೆ ದೂರು! ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿದನಲ್ಲ, ನಗುನಗುತ್ತಲೇ!

ಅವನು ಇನ್ನೊಂದು ಮೈದಾನದಲ್ಲಿ ಶಾಲೆಯ ಮಕ್ಕಳ ಪಂದ್ಯ ನಡೆಸುತ್ತಿದ್ದ. ಹಾಫ್‌ಟೈಮ್. ಮೆಟ್ಟಿಲ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದವನ ಎದುರು ಬಿರುಗಾಳಿಯಂತೆ ಹೋಗಿ ನಿಂತಳು.

"ಎದುರಿಗೆ ನಗೋದು, ಬೆನ್ನ ಹಿಂದೆ ದೂರು ಕೊಡೋದು. ಚೆನ್ನಾಗಿದೆ ಸಾರ್!"

"ಯಾವ ದೂರು?"

"ಏನೂ ಗೊತ್ತಿಲ್ಲದವರ ಥರ ಆಡ್ಬೇಡಿ. ನನ್ನಿಂದಾಗಿ ನಮ್ಮ ಮ್ಯಾಚೇ ಬೇಡ ಅಂದ್ರಂತಲ್ಲ?"

"ಅಂದೆ. ಆದ್ರೆ ದೂರು ಕೊಟ್ಟಿಲ್ಲ." ಹಣ್ಣನ್ನು ಎರಡು ಭಾಗ ಮಾಡಿ ಒಂದನ್ನು ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. "ನಮ್ಮಲ್ಲೊಂದು ನಿಯಮ ಇದೆ. ಆಡೋ ತಂಡದಲ್ಲಿ ರೆಫ್ರಿಗೆ ಬೇಕಾದವರು ಇದ್ರೆ ಅವನೇ ಹೇಳಿ ಹಿಂದೆ ಸರೀಬೇಕು. ತಂಗಿ, ಮಗಳು, ಹೆಂಡತಿ... ನನಗೆ ಬೇಕಾದವರು ಒಬ್ರಿದ್ದಾರೆ ಅಂತ ಹೇಳ್ದೆ."

ಬೈಯಲು ಎತ್ತಿದ್ದ ಬೆರಳನ್ನು ಅವಳು ಮೆಲ್ಲಗೆ ಇಳಿಸಿದಳು.

"ನಾನು ನಡೆಸಿದ ನಿಮ್ಮ ಕೊನೇ ಮ್ಯಾಚಲ್ಲಿ ನಿಮ್ಮ ಸ್ಟ್ರೈಕರ್ ಬಿದ್ದಳಲ್ಲ?" ಎಂದ ಅವನು. "ಫೌಲ್ ಹೌದೋ ಅಲ್ವೋ ಅಂತ ನೋಡೋ ಮೊದಲು ನಿಮ್ಮ ಮುಖ ನೋಡ್ಬಿಟ್ಟೆ. ಅವತ್ತೇ ಗೊತ್ತಾಯ್ತು, ನಿಮ್ಮೆದುರಿಗೆ ನನ್ನ ಸೀಟಿ ಇನ್ನು ನೆಟ್ಟಗಿರಲ್ಲ ಅಂತ."

"ಹಾಗಾದ್ರೆ ಫೈನಲ್?"

"ನನಗೇ ಕೊಡೋರಿದ್ರು. ಬಿಟ್ಟೆ."

"ಅಲ್ರೀ, ಫೈನಲ್ ಸಿಗೋಕೆ ರೆಫ್ರಿಗಳು ವರ್ಷಗಟ್ಟಲೆ ಕಾಯ್ತಾರೆ! ನನ್ನನ್ನೊಂದು ಮಾತು ಕೇಳಿದ್ರಾ? ನಾನು ಒಲ್ಲೆ ಅಂದಿದ್ರೆ? ಅತ್ಲಾಗೆ ಫೈನಲ್ಲೂ ಇಲ್ಲ, ಇತ್ಲಾಗೆ ನಾನೂ ಇಲ್ಲ!"

"ನೀವು ಒಲ್ಲೆ ಅಂದ್ರೂ ಕಣ್ಣು ನಿಮ್ಮ ಕಡೇನೇ ಹೋಗೋದು ಮೇಡಂ. ಅದಕ್ಕೇ ಬಿಟ್ಟಿದ್ದು."

ಅವಳು ಅವನ ಕೈಯಿಂದ ಅರ್ಧ ಕಿತ್ತಳೆ ಕಿತ್ತುಕೊಂಡಳು. "ಉತ್ತರ ಫೈನಲ್ ಆದ್ಮೇಲೆ. ಅಲ್ಲೀ ತನಕ ನನ್ನ ಬಾಯಿಗೆ ಬೀಗ ಇದೆ."

ಅವಳು ಗೇಟು ದಾಟುವವರೆಗೂ ಅವನು ಎದ್ದೇಳಲಿಲ್ಲ. ಕೊನೆಗೆ ಮಕ್ಕಳೇ ಕೂಗಿ ಕರೆದು ಆಟ ಶುರುಮಾಡಿಸಬೇಕಾಯಿತು.

ಫೈನಲ್ ದಿನ ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲೇ ಕೂತಿದ್ದರು. ಎರಡೂ ಕಡೆ ಒಂದೊಂದು ಗೋಲು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತು ಇರುವಾಗ, ಗೋಲಿನ ಮುಂದೆ ನುಗ್ಗಿದ ಸ್ಟ್ರೈಕರ್ ಹುಡುಗಿಯ ಅಂಗಿಯನ್ನು ಎದುರಾಳಿ ಹಿಡಿದೆಳೆದು ಕೆಡವಿದಳು. ಕುರುಡನಿಗೂ ಕಾಣುವಂಥ ಫೌಲು! ಹೊಸ ರೆಫ್ರಿ ಮಾತ್ರ ಕೈ ಬೀಸಿ ಬರೀ ಕಾರ್ನರ್ ಕೊಟ್ಟ.

ಕೂಗು ಚಿಕ್ಕಮ್ಮನ ತುಟಿಯ ತನಕ ಬಂತು. ಪ್ರಿನ್ಸಿಪಾಲರ ಕನ್ನಡಕ ಅವಳ ಕಡೆಗೇ ತಿರುಗಿತು. ಬಾಯಿ ತೆರೆದರೆ ಆ ಜಾಗ ಹೋಯಿತು. ಅವಳು ಹಲ್ಲು ಕಚ್ಚಿ ನಿಂತಳು.

"ಕಣ್ಣು ಮನೇಲೇ ಬಿಟ್ಟು ಬಂದಿದ್ದೀರಾ ಸಾರ್?"

ಕೂಗು ಬಂದದ್ದು ಹಿಂದಿನ ಗ್ಯಾಲರಿಯಿಂದ. ಜನವೆಲ್ಲ ತಿರುಗಿ ನೋಡಿದರು. ಇಷ್ಟು ವರ್ಷ ಸೀಟಿಯಲ್ಲೇ ಮಾತಾಡಿದ್ದ ಮನುಷ್ಯ, ತನ್ನ ಗಂಟಲಿಗೆ ತಾನೇ ಬೆಚ್ಚಿ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

"ಚಿಕ್ಕಪ್ಪಾ!" ಎಂದು ಇಡೀ ಬೆಂಚು ಕಿರುಚಿತು.

ನಗು ಉಕ್ಕಿ ಬಂದು ಅವಳ ಕೋಪ ಎತ್ತಲೋ ಹೋಯಿತು. ತಲೆ ತಣ್ಣಗಾದ ಮೇಲೆ ಕಣ್ಣಿಗೆ ಸರಿಯಾಗಿ ಕಂಡಿತು: ಗೋಲಿನ ದೂರದ ಕಂಬದ ಬಳಿ ಯಾರೂ ಕಾವಲಿಲ್ಲ. ಮಾತಿಲ್ಲದೆ ಎರಡು ಬೆರಳು ಎತ್ತಿ ತೋರಿಸಿದಳು, ಆ ಕಂಬದತ್ತ ನುಗ್ಗಿ ಎಂಬ ಸನ್ನೆ. ಬೆಳಬೆಳಗ್ಗೆ ಕಲಿಸಿದ ಪಾಠ ಹುಡುಗಿಯರಿಗೆ ನೆನಪಿತ್ತು. ಕಾರ್ನರ್ ತೇಲಿ ಬಂತು, ಸ್ಟ್ರೈಕರ್ ಹಣೆ ಕೊಟ್ಟಳು, ಬಲೆ ನಡುಗಿತು.

"ಬೀಗ ಗಟ್ಟಿಯಾಗಿತ್ತಮ್ಮಾ," ಎಂದರು ಪ್ರಿನ್ಸಿಪಾಲರು, ಗೆದ್ದ ಗದ್ದಲದ ನಡುವೆ. "ಸೋಮವಾರ ಬಂದು ದೊಡ್ಡ ಕೋಚ್ ರೂಮಿನ ಕೀ ತಗೋ."

ಅವಳು ಕೈಮುಗಿದು ಸೀದಾ ಗ್ಯಾಲರಿ ಹತ್ತಿದಳು. ಕೈಯಲ್ಲಿ ಒಂದು ಹಳದಿ ಕೋನ್ ಇತ್ತು. ಅದನ್ನು ಅವನ ಮುಖದೆದುರು ಎತ್ತಿ ಹಿಡಿದಳು.

"ರೆಫ್ರಿ ಮೇಲೆ ಕೂಗಾಡಿದ್ದಕ್ಕೆ."

"ಒಪ್ಪಿದೆ," ಎಂದ. ಕಿವಿಯೆಲ್ಲ ಕೆಂಪಗಾಗಿತ್ತು. "ಮತ್ತೆ... ಉತ್ತರ?"

"ನಮ್ಮ ತಂಡದ ಮ್ಯಾಚಿಗೆ ನೀವು ಇನ್ಯಾವತ್ತೂ ರೆಫ್ರಿ ಆಗೋ ಹಾಗಿಲ್ಲ. ಜೀವಮಾನ ಪೂರ್ತಿ. ನಿಯಮ ಅಂದ್ರೆ ನಿಯಮ."

ಈಗ ಅವನ ಬಾಯಲ್ಲಿ ಸೀಟಿ ಇರಲಿಲ್ಲ. ಎರಡೂ ಕೆನ್ನೆಯಲ್ಲಿ ನಕ್ಕ.

ಹಿಂದೆ ಮೆಟ್ಟಿಲ ಮೇಲೆ ಹುಡುಗಿಯರ ಗುಸುಗುಸು. "ಚಿಕ್ಕಮ್ಮ ದೊಡ್ಡಮ್ಮ ಆದ್ರೆ, ಇವರನ್ನ ಇನ್ನು ದೊಡ್ಡಪ್ಪ ಅನ್ನಬೇಕೇನೇ?"

"ಅನ್ರೇ," ಎಂದಳು ಅವಳು, ತಿರುಗಿಯೂ ನೋಡದೆ.