ಹಿತದ ಹಲಗೆ

ಸಿದ್ದರಾಜು ಕುರ್ಚಿ ಎಳೆದು ಕೂತ ಕೂಡಲೇ ಚೆಸ್ ಹಲಗೆ ಎಚ್ಚರಗೊಂಡಿತು. ಅರವತ್ನಾಲ್ಕು ಮನೆಗಳಲ್ಲಿ ಕ್ಷಣಹೊತ್ತು ಬೂದು ಬಣ್ಣ ಸುಳಿದಾಡಿತು. ಆಮೇಲೆ ಅರ್ಧ ಮನೆಗಳು ತಿಳಿ ಅರಿಶಿನಕ್ಕೂ ಉಳಿದರ್ಧ ಎಳೆ ಹಸಿರಿಗೂ ತಿರುಗಿ ನಿಂತವು.

"ನಿಮ್ಮ ಕಡೆ ಏನ್ ಬಣ್ಣ ಮೇಡಂ?"

"ನೀಲಿ ಕಣ್ರೀ. ದಿನಾ ಕೇಳ್ತೀರ, ದಿನಾ ನೀಲೀನೇ. ಮೊದಲು ಕಾಯಿ ನಡೆಸಿ" ಎಂದರು ಎದುರು ಕೂತಿದ್ದ ಜಬೀನಾ ಮೇಡಂ, ನಿವೃತ್ತ ಗಣಿತದ ಟೀಚರು.

ಅದು ಎರಡು ಸಾವಿರದ ಐವತ್ತೆಂಟನೇ ಇಸವಿ. ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಅರಗಿನ ಗೊಂಬೆ ಕಡೆದ ಸಿದ್ದರಾಜು, ಒಂದು ಕಾಲದಲ್ಲಿ ಚೆಸ್ ಆಡುವುದನ್ನೇ ಬಿಟ್ಟುಬಿಟ್ಟಿದ್ದರು. "ಆ ಕರಿ ಬಿಳಿ ನೋಡೀ ನೋಡೀ ತಲೆ ಸಿಡೀತದೆ ಕಣವ್ವ" ಎಂದು ಅವರು ಅಂದದ್ದು ತಂಗಿಯ ಮಗಳು ಧೃತಿಗೆ. ಐದು ವರ್ಷದವಳಿದ್ದಾಗ ಅವಳಿಗೆ ಕುದುರೆ ನಡೆಸುವುದನ್ನು ಕಲಿಸಿದವರೇ ಈ ಮಾವ. ಕಣ್ಣು ಮತ್ತು ಬಣ್ಣದ ವಿಜ್ಞಾನಿಯಾಗಿದ್ದ ಧೃತಿ ಸುಮ್ಮನಿರಲಿಲ್ಲ. ಮಾವನಿಗಾಗಿಯೇ ಈ ಹಲಗೆ ಮಾಡಿದಳು.

ಹಲಗೆಯ ಅಂಚಿನಲ್ಲಿ ಸಾಸಿವೆ ಗಾತ್ರದ ಕ್ಯಾಮೆರಾಗಳಿದ್ದವು. ಕಣ್ಣಿಗೆ ಶ್ರಮವಾದಾಗ ನಾವು ರೆಪ್ಪೆ ಬಡಿಯುವ ರೀತಿ ಬದಲಾಗುತ್ತದೆ, ನೋಟ ತಡವರಿಸುತ್ತದೆ. ಕ್ಯಾಮೆರಾಗಳು ಅದನ್ನೆಲ್ಲ ಗಮನಿಸುತ್ತಿದ್ದವು, ಹಿತವೆನಿಸುವ ತನಕ ಹಲಗೆ ಬಣ್ಣವನ್ನು ಚೂರುಚೂರೇ ಬದಲಿಸುತ್ತಿತ್ತು. ಹಲಗೆಯ ಮೈಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳಿದ್ದದ್ದರಿಂದ ಎದುರುಬದುರು ಕೂತವರಿಗೆ ಬೇರೆಬೇರೆ ಬಣ್ಣ ಕಾಣುತ್ತಿತ್ತು. ಆಡುವವರಿಗೆ ಈ ಬದಲಾವಣೆ ಎಳ್ಳಷ್ಟೂ ಗೊತ್ತಾಗಬಾರದು ಎಂಬುದು ಧೃತಿಯ ಹಟ, ಅದೇ ಅವಳ ಹೆಮ್ಮೆ ಕೂಡ. ಎರಡು ವರ್ಷದಲ್ಲಿ ಹಲಗೆ ಊರೂರಿಗೆ ಹೋಯಿತು. ಸಿದ್ದರಾಜು ಮತ್ತೆ ದಿನಕ್ಕೆ ಮೂರಾಟ ಆಡತೊಡಗಿದರು.

ಆ ವರ್ಷದ ಆಯುಧ ಪೂಜೆಗೆ ಧೃತಿ ಮಾವನ ಮನೆಗೆ ಬಂದಳು. ಕಡೆಯುವ ಯಂತ್ರ, ಉಳಿಗಳು, ಸ್ಕೂಟರು ಎಲ್ಲಕ್ಕೂ ಕುಂಕುಮ ಹಚ್ಚಿ ಸೇವಂತಿಗೆ ಮುಡಿಸಿದ್ದರು. ಸಾಲಿನ ಕೊನೆಯಲ್ಲಿ ಅವಳ ಹಲಗೆಯೂ ಹೂವು ಹೊತ್ತು ಕೂತಿತ್ತು! ಪೂಜೆಯಾದ ಆಯುಧವನ್ನು ಆ ದಿನ ಯಾರೂ ಮುಟ್ಟುವಂತಿಲ್ಲ.

"ಅಯ್ಯೋ ಮಾವ, ಅದು ಆಟದ ಸಾಮಾನು!"

"ದುಡಿಯೋದೆಲ್ಲ ಆಯುಧಾನೇ ಕಣವ್ವ. ಅದಕ್ಕೂ ಒಂದಿನ ರಜ ಬೇಡ್ವಾ?"

ಒಬ್ಬಟ್ಟಿನೂಟಕ್ಕೆ ಬಂದಿದ್ದ ಜಬೀನಾ ಮೇಡಂ ಆಟವಿಲ್ಲದೆ ಚಡಪಡಿಸಿದರು. ಸಿದ್ದರಾಜು ಅಟ್ಟದಿಂದ ಧೃತಿಯ ಹಲಗೆಯ ಬಣ್ಣ ನೋಡಿ ತಾವೇ ಹಿಂದೊಮ್ಮೆ ಮಾಡಿದ್ದ ಮರದ ಹಲಗೆ ಇಳಿಸಿದರು. ಅರಗಿನಲ್ಲಿ ಹಳದಿ, ಹಸಿರು ಹಚ್ಚಿದ ಹಲಗೆ, ಬಣ್ಣ ಇನ್ನೂ ಮಾಸಿರಲಿಲ್ಲ.

ಹತ್ತು ನಡೆಯೊಳಗೆ ಸಿದ್ದರಾಜು ಅವರ ಒಂಟೆ ಹೋಯಿತು. ಪುನಃ ಕಾಯಿ ಜೋಡಿಸಿದರು. ಈ ಸಲ ಮಂತ್ರಿಯೇ ಹೋಯಿತು. ಎರಡು ಸಲವೂ ಹೊಡೆತ ಬಂದದ್ದು ಎಡಗಡೆಯಿಂದ.

"ಏನ್ ಸಿದ್ದರಾಜಣ್ಣ, ಹಬ್ಬ ಅಂತ ಬಿಟ್ಟುಕೊಡ್ತಿದೀರಾ?" ಮೇಡಂ ರೇಗಿದರು. "ನನ್ನ ಆನೆ ಆಗಿಂದ ಅಲ್ಲೇ ನಿಂತಿತ್ತಲ್ಲ!"

"ಎಲ್ಲಿತ್ತು?" ಎಂದರು ಸಿದ್ದರಾಜು. ನಿಜವಾಗಿಯೂ ಕೇಳಿದ್ದರು.

ಧೃತಿ ಎದ್ದಳು. ಒಂದು ಕೆಂಪು ಕಾಯಿ ಎತ್ತಿಕೊಂಡು ಮಾವನ ಎಡಪಕ್ಕಕ್ಕೆ ಬಂದಳು. "ಮಾವ, ತಲೆ ತಿರುಗಿಸ್ಬೇಡಿ, ನೆಟ್ಟಗೆ ಮೇಡಂ ಮುಖ ನೋಡಿ. ನನ್ನ ಕೈಲಿ ಏನಿದೆ?"

"ನಿನ್ ಕೈ ಎಲ್ಲೈತೆ?"

ಹಲಗೆಯ ದಿನದಿನದ ದಾಖಲೆ ಅವಳ ಫೋನಿನಲ್ಲಿತ್ತು. ತೆರೆದು ನೋಡಿದಳು. ಎರಡು ವರ್ಷದ ಹಿಂದೆ ಸಿದ್ದರಾಜು ಅವರ ನೋಟದ ಎಡಪಕ್ಕಕ್ಕೆ ಬೀಳುವ ಮನೆಗಳನ್ನು ಹಲಗೆ ತುಸುವೇ ಹೊಳಪಾಗಿಸಿತ್ತು. ಮುಂದಿನ ತಿಂಗಳು ಇನ್ನೊಂದು ಚೂರು, ಅದರ ಮುಂದಿನ ತಿಂಗಳು ಮತ್ತೊಂದು ಚೂರು. ಈಗ ಆ ಮನೆಗಳು ದೀಪ ಹಚ್ಚಿಟ್ಟಂತೆ ಉರಿಯುತ್ತಿದ್ದವು. ಮೇಡಂಗೆ ಕಾಣುತ್ತಿದ್ದದ್ದು ನೀಲಿ, ಆದ್ದರಿಂದ ಅವರಿಗೂ ಅನುಮಾನ ಬಂದಿರಲಿಲ್ಲ. ಉಳಿ ಹಿಡಿಯುವಾಗ ಸಿದ್ದರಾಜು ಕಣ್ಣಿಗಿಂತ ಬೆರಳನ್ನೇ ನಂಬುವವರು, ಹಾಗಾಗಿ ಕೆಲಸದಲ್ಲೂ ಕೊರತೆ ಗೊತ್ತಾಗಿರಲಿಲ್ಲ.

ಹಬ್ಬ ಮುಗಿದ ಮೇಲೆ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡ ಏರಿ ನರವನ್ನು ಸದ್ದಿಲ್ಲದೆ ಸವೆಸುವ ಕಾಯಿಲೆ. "ಹೋಗಿರೋ ದೃಷ್ಟಿ ವಾಪಸ್ ಬರಲ್ಲ. ಉಳಿದಿರೋದನ್ನ ಔಷಧಿ ಹನಿ ಹಾಕಿ ಕಾಪಾಡ್ಕೋಬಹುದು. ಮೊದಲೇ ಯಾಕೆ ಬರ್ಲಿಲ್ಲ?"

ಆಸ್ಪತ್ರೆಯ ಮೆಟ್ಟಿಲ ಮೇಲೆ ಧೃತಿ ಅತ್ತೇಬಿಟ್ಟಳು. "ನಾನೇ ಮುಚ್ಚಿಟ್ಟಂಗಾಯ್ತು ಮಾವ. ನಿಮಗೆ ಕಾಣ್ತಿಲ್ಲ ಅಂತ ಅದಕ್ಕೆ ಗೊತ್ತಿತ್ತು. ಹೇಳ್ಬೇಡ ಅಂತ ನಾನೇ ಮಾಡಿಟ್ಟಿದ್ದೆ."

ಸಿದ್ದರಾಜು ಅವಳ ಬೆನ್ನು ಸವರಿದರು. "ಅಳಬ್ಯಾಡ ಕಣವ್ವ. ಎರಡು ವರ್ಷ ಸುಖವಾಗಿ ಆಡಿದ್ದೀನಿ, ಅದೇನು ಸುಳ್ಳಾ? ಆದ್ರೆ ಇನ್ಮ್ಯಾಲೆ ನಂಗೆ ಸಹಾಯ ಮಾಡೋದಾದ್ರೆ ಹೇಳಿ ಮಾಡು."

ಧೃತಿ ಹಾಗೆಯೇ ಮಾಡಿದಳು. ಒಂದು ಮಿತಿಗಿಂತ ಹೆಚ್ಚು ಬಣ್ಣ ತಿದ್ದಬೇಕಾಗಿ ಬಂದರೆ ಹಲಗೆ ಈಗ ಆಟ ನಿಲ್ಲಿಸಿ, ಕಣ್ಣು ತೋರಿಸಿಕೊಳ್ಳಿ ಎನ್ನುತ್ತದೆ. ಆಟದ ನಡುವೆ ಇಂಥ ಸುದ್ದಿ ಯಾರಿಗೆ ಬೇಕು ಎಂದು ಮಾರುವ ಕಂಪನಿಯವರು ಗೊಣಗಿದರು. ಅವಳು ಜಗ್ಗಲಿಲ್ಲ.

ಸಿದ್ದರಾಜು ಮಾತ್ರ ಭಾನುವಾರಗಳಂದು ಮರದ ಹಲಗೆಯನ್ನೇ ಹಾಕುತ್ತಾರೆ. ತಮ್ಮ ಕಣ್ಣು ಎಲ್ಲಿಯತನಕ ಮುಟ್ಟುತ್ತದೆಂದು ತಮಗೆ ತಿಳಿದಿರಬೇಕಂತೆ. ಪ್ರತಿ ನಡೆಗೂ ಮೊದಲು ಕತ್ತನ್ನು ಪೂರ್ತಿ ಎಡಕ್ಕೆ ಹೊರಳಿಸಿ ನೋಡುತ್ತಾರೆ.

"ಮೇಡಂ, ನಿಮ್ಮ ಆನೆ ಅಲ್ಲಿ ಕೂತದೆ. ಕಂಡೆ!"

"ಕಂಡ್ರೆ ಕಾಣ್ಲಿ, ತಪ್ಪಿಸ್ಕೊಳ್ಳಿ ನೋಡೋಣ."

ಒಂದು ಭಾನುವಾರ ಪಕ್ಕದಲ್ಲಿ ಕೂತು ಅವರಿಬ್ಬರ ಜಗಳಕ್ಕೆ ನಗುತ್ತಿದ್ದ ಧೃತಿ ತನ್ನ ಫೋನು ತೆಗೆದಳು. ಬೆಳಕನ್ನೂ ಅಕ್ಷರದ ಗಾತ್ರವನ್ನೂ ಅದು ಅವಳ ಕಣ್ಣಿಗೆ ತಕ್ಕಂತೆ ತಾನಾಗಿಯೇ ಹೊಂದಿಸಿಕೊಳ್ಳುತ್ತಿತ್ತು. ಬೆಳಕು ಹೊಂದಿಸುವ ಅನುಕೂಲವಂತೂ ಅವಳಮ್ಮನ ಹಳೇ ಫೋನಿನಲ್ಲೂ ಇತ್ತು. ಆ ಅನುಕೂಲವನ್ನು ಒಮ್ಮೆ ಆಫ್ ಮಾಡಿ ನೋಡಬೇಕೆಂದು ಅಮ್ಮನಿಗೂ ಅನಿಸಿರಲಿಲ್ಲ, ಇವಳಿಗೂ ಅನಿಸಿರಲಿಲ್ಲ.

ಧೃತಿ ಆ ಎರಡೂ ಹೊಂದಾಣಿಕೆಗಳನ್ನು ಆಫ್ ಮಾಡಿದಳು. ಪರದೆ ಮಬ್ಬಾಯಿತು, ಅಕ್ಷರಗಳು ಸಣ್ಣಗಾದವು. ಅವಳು ಫೋನನ್ನು ಮುಖದ ಹತ್ತಿರಕ್ಕೆ ತಂದಳು, ಆಮೇಲೆ ಇನ್ನೂ ಸ್ವಲ್ಪ ಹತ್ತಿರಕ್ಕೆ.